ಹೆದರಬೇಕಾದ್ದು ಶಿರಾಡಿಗಲ್ಲ

ಹೊಳೆನರಸೀಪುರದಲ್ಲಿ ಯಾರಾದರೂ ಎಲೆಕ್ಟ್ರಿಕ್ ಕಾರು ತಗೊಳ್ಳುತ್ತೇನೆ ಎಂದರೆ ಎದುರಿಗಿದ್ದವರು ಕೇಳುವ ಮೊದಲ ಮಾತು, ‘ಘಾಟಿ ಹತ್ತುತ್ತಾ?’ ಎರಡನೆಯದು, ‘ಚಳಿಗೆ ಬ್ಯಾಟರಿ ಕೂತ್ಕೊಳ್ಳಲ್ವಾ?’ ಅರಕಲಗೂಡಿನಲ್ಲೂ ಚನ್ನರಾಯಪಟ್ಟಣದಲ್ಲೂ ಕೇಳಿಬರುವುದು ಇವೇ ಎರಡು ಮಾತು. ಕೇಳುವವರನ್ನು ತಿಳಿಯದವರು ಎಂದು ತಳ್ಳಿಹಾಕುವ ಹಾಗಿಲ್ಲ. ಕಾರ್ತಿಕ ಬಂತೆಂದರೆ ನಮ್ಮ ಕಡೆಯ ಕುಟುಂಬಗಳು ಗಾಡಿ ಹೊರಡಿಸುವುದೇ ಘಟ್ಟ ಇಳಿಯಲಿಕ್ಕೆ. ಧರ್ಮಸ್ಥಳದ ಲಕ್ಷದೀಪೋತ್ಸವ, ಅದರ ಬೆನ್ನಿಗೆ ಕುಕ್ಕೆಯ ಚಂಪಾ ಷಷ್ಠಿ, ಆಮೇಲೆ ಮಕ್ಕಳ ರಜೆಗೆ ಮಂಗಳೂರಿನ ಕಡಲು. ಮುದುಕರು ಮಕ್ಕಳನ್ನು ಕೂರಿಸಿಕೊಂಡು ಹೊರಟ ಗಾಡಿ ಶಿರಾಡಿ ಘಾಟಿಯ ಮಾರನಹಳ್ಳಿ ತಿರುವಿನಲ್ಲಿ ನಿಂತುಬಿಟ್ಟರೆ ಏನು ಗತಿ ಎಂಬ ಅಂಜಿಕೆ ನ್ಯಾಯವಾದದ್ದೇ.

ಆದರೂ ಈ ವಿಷಯದಲ್ಲಿ ಹಿರಿಯರ, ಗೆಳೆಯರ ಮಾತಿಗೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ಅಂಜಿಕೆ ಇರಲಿ, ಅದನ್ನು ಇಟ್ಟಿರುವ ಜಾಗ ಸರಿಯಿಲ್ಲ. ಘಾಟಿಯಿಂದಲೂ ಚಳಿಯಿಂದಲೂ ಈ ಗಾಡಿಗೆ ಆಗುವ ತೊಂದರೆ ತೀರಾ ಕಡಿಮೆ. ತೊಂದರೆ ಇರುವುದು ನಮ್ಮ ಮನೆಯ ಗೋಡೆಯಲ್ಲಿ, ಅಂಗಳದ ಮಣ್ಣಿನಲ್ಲಿ. ಅದನ್ನು ಯಾರೂ ಕೇಳುತ್ತಿಲ್ಲ.

ಮೊದಲು ಘಾಟಿಯ ಲೆಕ್ಕ. ಶಿರಾಡಿಯ ಬುಡದಲ್ಲಿರುವ ಗುಂಡ್ಯದಿಂದ ಮೇಲಿನ ಸಕಲೇಶಪುರಕ್ಕೆ ಬರುವಾಗ ಗಾಡಿ ಏರುವ ಎತ್ತರ ಸುಮಾರು 800 ಮೀಟರ್. ಜನ, ಸಾಮಾನು ಸೇರಿ ಗಾಡಿಯ ತೂಕ 1,800 ಕಿಲೋ ಎಂದು ಹಿಡಿಯಿರಿ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ನಾಲ್ಕು ಯುನಿಟ್‌ಗಿಂತ ಸ್ವಲ್ಪ ಕಡಿಮೆ. ಮೋಟರಿನಲ್ಲಿ, ವೈರಿನಲ್ಲಿ ಸೋರುವುದನ್ನು ಸೇರಿಸಿದರೆ ನಾಲ್ಕೂವರೆ. ಇದು ಹೈಸ್ಕೂಲಿನ ಭೌತಶಾಸ್ತ್ರ, ಯಾರು ಬೇಕಾದರೂ ಗುಣಿಸಿ ನೋಡಬಹುದು. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಯ ಬ್ಯಾಟರಿಯೇ 30.2 ಯುನಿಟ್‌ನದು. ಈಗ 45 ಯುನಿಟ್‌ನದೂ ಸಿಗುತ್ತದೆ. ಚಿಕ್ಕ ಬ್ಯಾಟರಿಯಲ್ಲೂ ಶಿರಾಡಿಯ ಏರು ತಿನ್ನುವುದು ಆರರಲ್ಲೊಂದು ಪಾಲಿಗಿಂತ ಹೆಚ್ಚಿಲ್ಲ. ಪೆಟ್ರೋಲ್ ಕಾರೂ ಏರಿನಲ್ಲಿ ಹೆಚ್ಚು ಕುಡಿಯುತ್ತದೆ. ಅದರ ಪೆಟ್ರೋಲ್ ಮುಳ್ಳಿನ ಮೇಲೆ ನಾವು ಕಣ್ಣಿಟ್ಟು ಕೂರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಇಳಿಜಾರು. ಸಕಲೇಶಪುರ ದಾಟಿ ದೋಣಿಗಾಲ್ ಬಿಟ್ಟ ಮೇಲೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟರು ಡೈನಮೋ ಆಗಿ ತಿರುಗುತ್ತದೆ. ಗಾಡಿ ತಾನಾಗಿ ಹಿಡಿದು ಹಿಡಿದು ಇಳಿಯುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಶೇಕಡಾವಾರು ಅಂಕಿ ನಿಂತಲ್ಲೇ ನಿಂತಿರುತ್ತದೆ. ಕಡಿದಾದ ಕಡೆ ಒಂದೊಂದಾಗಿ ಮೇಲಕ್ಕೂ ಹತ್ತುತ್ತದೆ. 60 ಇದ್ದದ್ದು ಗುಂಡ್ಯ ಮುಟ್ಟುವಾಗ 61 ಆಗಿದ್ದರೆ ಅಚ್ಚರಿಪಡಬೇಕಿಲ್ಲ. ನಲವತ್ತು ಕಿಲೋಮೀಟರ್ ದಾರಿ ಬಿಟ್ಟಿಯಾಗಿ ಸಾಗಿತು ಎಂದೇ ಅರ್ಥ. ಅದೇ ದಾರಿಯಲ್ಲಿ ಲೋಡು ಲಾರಿಗಳ ಬ್ರೇಕ್ ಲೈನರ್ ಕಾದು ಸುಡುವ ವಾಸನೆ ಘಾಟಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಒಂದು ಎಚ್ಚರ ಮಾತ್ರ ಬೇಕು. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಮೋಟರು ಮಾಡಿಕೊಟ್ಟ ಕರೆಂಟಿಗೆ ಒಳಗೆ ಜಾಗವಿರುವುದಿಲ್ಲ, ಆಗ ಆ ಹಿಡಿತ ಸಿಗುವುದಿಲ್ಲ, ಎಲ್ಲ ಭಾರವೂ ಕಾಲಿನ ಬ್ರೇಕಿನ ಮೇಲೇ. ಹಾಗಾಗಿ ಸಕಲೇಶಪುರದಲ್ಲಿ ಪೂರ್ತಿ ತುಂಬಿಸಿಕೊಂಡು ಘಾಟಿಗೆ ಇಳಿಯಬಾರದು. ಹಾಸನದ ಮನೆಯಲ್ಲಿ ತುಂಬಿಸಿಕೊಂಡು ಹೊರಟವರಿಗೆ ಈ ಚಿಂತೆ ಇಲ್ಲ, ಘಾಟಿ ಮುಟ್ಟುವಷ್ಟರಲ್ಲಿ ಸಾಕಷ್ಟು ಖಾಲಿಯಾಗಿರುತ್ತದೆ.

ಹಾಗಾದರೆ ಬ್ಯಾಟರಿ ತಿನ್ನುವುದು ಯಾವುದು? ನಾವೆಲ್ಲ ಸಲೀಸು ಎಂದುಕೊಂಡಿರುವ ನೇರ ರಸ್ತೆ. ನೆಲಮಂಗಲ ದಾಟಿದ ಮೇಲೆ ಕುಣಿಗಲ್, ಯಡಿಯೂರು ಹಾದು ಚನ್ನರಾಯಪಟ್ಟಣದವರೆಗೆ ನೂರು ಕಿಲೋಮೀಟರಿಗೂ ಮಿಕ್ಕಿ ನಾಲ್ಕು ಪಥದ ಹೆದ್ದಾರಿ. ಅಲ್ಲಿ 80ರಲ್ಲಿ ಹೋಗುವ ಗಾಡಿಗೂ 110ರಲ್ಲಿ ಹೋಗುವ ಗಾಡಿಗೂ ಗಾಳಿಯ ತಡೆಯಲ್ಲಿ ಹೆಚ್ಚುಕಡಿಮೆ ಎರಡರಷ್ಟು ವ್ಯತ್ಯಾಸ. ನನ್ನ ಲೆಕ್ಕದಲ್ಲಿ ಆ ನೂರು ಕಿಲೋಮೀಟರಿಗೆ ಆರು ಯುನಿಟ್‌ನ ಆಸುಪಾಸು ಹೆಚ್ಚು ಖರ್ಚು. ಅಂದರೆ ಬೆಂಗಳೂರಿನಿಂದ ಬರುವವರು ಚನ್ನರಾಯಪಟ್ಟಣ ಸೇರುವ ಅವಸರಕ್ಕೆ ಕಳೆಯುವ ಕರೆಂಟು ಇಡೀ ಶಿರಾಡಿ ಘಾಟಿ ಹತ್ತಲು ಬೇಕಾದ್ದಕ್ಕಿಂತ ಜಾಸ್ತಿ. ಘಾಟಿಯಲ್ಲಿ ನಲವತ್ತಕ್ಕಿಂತ ಹೆಚ್ಚು ಓಡಿಸಲು ಆಗುವುದೂ ಇಲ್ಲ. ಬೆಟ್ಟಕ್ಕೆ ಬೈದು ಬಯಲನ್ನು ಬಿಟ್ಟುಬಿಡುತ್ತಿದ್ದೇವೆ.

ಚಳಿಯ ಮಾತು ನಮ್ಮ ಊರಿನಲ್ಲಿ ಹುಟ್ಟಿದ್ದೇ ಅಲ್ಲ. ನಾರ್ವೆಯ ಹಿಮದಲ್ಲಿ ಕಾರು ಪರೀಕ್ಷಿಸುವ ವಿಡಿಯೋಗಳಿಂದ ಬಂದದ್ದು. ಅಲ್ಲಿ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೆ ಬ್ಯಾಟರಿಯೊಳಗಿನ ರಸಾಯನ ಕ್ರಿಯೆ ಮಂದವಾಗುತ್ತದೆ, ಒಳಗೆ ಕೂತವರನ್ನು ಬೆಚ್ಚಗಿಡಲು ಹೀಟರ್ ಗಂಟೆಗೆ ಮೂರು ನಾಲ್ಕು ಯುನಿಟ್ ಎಳೆಯುವುದೂ ಉಂಟು. ಒಂದು ಚಾರ್ಜಿಗೆ ಓಡುವ ದೂರದಲ್ಲಿ ಕಾಲುಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಕಡಿಮೆಯಾಗುತ್ತದೆ. ಇಷ್ಟಾದರೂ ಅದೇ ದೇಶದಲ್ಲಿ 2024ರಲ್ಲಿ ಮಾರಾಟವಾದ ನೂರು ಹೊಸ ಕಾರುಗಳಲ್ಲಿ ಸುಮಾರು 89 ಎಲೆಕ್ಟ್ರಿಕ್. ಹಾಸನದ ಮಾಗಿಯ ಬೆಳಗು ಸಾಮಾನ್ಯವಾಗಿ 12ರಿಂದ 15 ಡಿಗ್ರಿ. ನಮಗೆ ಸ್ವೆಟರ್, ಮಫ್ಲರ್ ಬೇಕು, ಬ್ಯಾಟರಿಗೆ ಅದು ಹಿತವಾದ ಹವೆ. ಮುಂದಿನ ಗಾಜಿಗೆ ಹಬೆ ಕಟ್ಟಿದಾಗ ನಾಲ್ಕು ನಿಮಿಷ ಬ್ಲೋವರ್ ಹಾಕುವುದಷ್ಟೇ ಚಳಿಗಾಲದ ಖರ್ಚು. ಸಕಲೇಶಪುರದ ಮಂಜಿನಲ್ಲಿ ಕಣ್ಣಿಗೆ ಕಷ್ಟ, ನಿಜ. ಆ ಕಷ್ಟ ಡೀಸೆಲ್ ಗಾಡಿಗೂ ಅಷ್ಟೇ ಇದೆ.

ಬೆಟ್ಟದ ರಸ್ತೆಗೆ ಕಂಟಕ ಮಳೆಗಾಲದಲ್ಲಿ. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮತ್ತೆ ಮತ್ತೆ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಹಾಗೆ ಸಾಲಿನಲ್ಲಿ ಸಿಕ್ಕಿಕೊಂಡಾಗ ಎಲೆಕ್ಟ್ರಿಕ್ ಕಾರಿನ ಮೋಟರು ನಿಂತಿರುತ್ತದೆ, ಎ.ಸಿ. ಹಾಕಿಕೊಂಡಿದ್ದರೂ ಗಂಟೆಗೆ ಒಂದು ಯುನಿಟ್ ದಾಟುವುದು ಅಪರೂಪ. ಮೂರು ಗಂಟೆ ಕಾದರೂ ಮೂರು ಯುನಿಟ್. ಬೆಟ್ಟದ ಬಸ್ಸಿನ ಮಾತೂ ಇಲ್ಲೇ ಹೇಳಬಹುದು: 2023ರಿಂದ ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ ಬಸ್ಸುಗಳು ಬೆಂಗಳೂರಿನಿಂದ ಮಡಿಕೇರಿಗೂ ಓಡಿವೆ. ಬಸ್ಸು ಹತ್ತಿದ ಕಡೆ ಕಾರು ಹತ್ತದೇ?

ಈಗ ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಮನೆಯ ಅರ್ಥಿಂಗ್ ಹೇಗಿದೆ?

ಕಾರಿನ ಜೊತೆ ಕೊಡುವ ಚಾರ್ಜರ್ 15 ಆಂಪ್ ಪಾಯಿಂಟಿಗೆ ಚುಚ್ಚುವಂಥದ್ದು, ಮಿಕ್ಸಿ ಪ್ಲಗ್ಗಿಗಿಂತ ದಪ್ಪನೆಯ ಮೂರು ಪಿನ್ನು. ಚುಚ್ಚಿದ ಕೂಡಲೇ ಅದು ಮೊದಲು ಅರ್ಥಿಂಗ್ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕೆಂಪು ದೀಪ ಹತ್ತಿ ಸುಮ್ಮನಾಗುತ್ತದೆ. ಅರಕಲಗೂಡು, ಕೊಣನೂರು ಕಡೆಯ ಎಷ್ಟೋ ಹಳೆಯ ಮನೆಗಳಲ್ಲಿ ಆ ಮೂರನೇ ತೂತಿಗೆ ವೈರೇ ಬಂದಿಲ್ಲ. ಬಂದಿದ್ದರೂ ಇಪ್ಪತ್ತು ವರ್ಷದ ಹಿಂದೆ ಹೂತ ಪೈಪು ತುಕ್ಕು ಹಿಡಿದು ಹೋಗಿದೆ. ಚಳಿಗಾಲ ನಮ್ಮ ಗಾಡಿಗೆ ತಟ್ಟುವುದು ಇಲ್ಲಿ! ಹಿಂಗಾರು ನಿಂತು ಪುಷ್ಯ, ಮಾಘ ಬರುವಾಗ ನೆಲದ ತೇವ ಆರುತ್ತದೆ. ಕೆಂಪು ಗರಸು ಮಣ್ಣಿನ ಚನ್ನರಾಯಪಟ್ಟಣದ ಕಡೆಯಂತೂ ಬೇಗ ಆರುತ್ತದೆ. ಒಣ ಮಣ್ಣು ಕರೆಂಟನ್ನು ಭೂಮಿಗೆ ಬಿಡುವುದಿಲ್ಲ. ಆಷಾಢದಲ್ಲಿ ತಕರಾರಿಲ್ಲದೆ ಚಾರ್ಜ್ ಆಗುತ್ತಿದ್ದ ಮನೆಯಲ್ಲಿ ಸಂಕ್ರಾಂತಿ ಹೊತ್ತಿಗೆ ಕೆಂಪು ದೀಪ ಬಂದರೆ ಕಾರಿಗೆ ಚಳಿ ತಾಗಿತು ಎಂದುಕೊಳ್ಳುತ್ತೇವೆ. ಬಾಯಾರಿದ್ದು ಅಂಗಳದ ಅರ್ಥಿಂಗ್ ಗುಂಡಿ.

ಈ ಕೆಂಪು ದೀಪ ಆರಿಸಲು ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಸಾಕೆಟ್ ಬಿಚ್ಚಿ, ಎರಡಿಂಚು ವೈರಿನಿಂದ ನ್ಯೂಟ್ರಲ್ಲನ್ನೂ ಅರ್ಥನ್ನೂ ಒಳಗೇ ಸೇರಿಸಿಬಿಡುವುದು. ಚಾರ್ಜರ್ ಮೋಸಹೋಗುತ್ತದೆ, ದೀಪ ಹಸಿರಾಗುತ್ತದೆ. ಆದರೆ ಎಲ್ಲಾದರೂ ಆ ನ್ಯೂಟ್ರಲ್ ತಂತಿ ಕಿತ್ತುಹೋಯಿತೋ, ಕಾರಿನ ಇಡೀ ಮೈಗೆ ಕರೆಂಟ್ ಬರುತ್ತದೆ. ಬೆಳಿಗ್ಗೆ ಇಬ್ಬನಿಯಲ್ಲಿ ಬರಿಗಾಲಿನಲ್ಲಿ ಅಂಗಳ ಸಾರಿಸುವವರ ಕೈ ಬಾಗಿಲಿಗೆ ತಗುಲಿದರೆ ಜೀವವೇ ಹೋದೀತು. ಘಾಟಿಯ ಬಗ್ಗೆ ನೂರು ಸಲ ಎಚ್ಚರಿಸುವ ನಾವು ಈ ಎರಡಿಂಚು ವೈರಿನ ಬಗ್ಗೆ ಒಂದು ಸಲವಾದರೂ ಎಚ್ಚರಿಸಬೇಡವೇ?

ಸರಿಯಾದ ದಾರಿ ಕಷ್ಟದ್ದೂ ಅಲ್ಲ, ದುಬಾರಿಯದ್ದೂ ಅಲ್ಲ. ಮನೆಯ ಪಕ್ಕ, ತೇವ ನಿಲ್ಲುವ ಜಾಗದಲ್ಲಿ, ಬಚ್ಚಲ ನೀರು ಹರಿಯುವ ಕಡೆಯಾದರೆ ಒಳ್ಳೆಯದು, ಎಂಟು ಹತ್ತು ಅಡಿ ಆಳಕ್ಕೆ ಜಿ.ಐ. ಪೈಪು ಇಳಿಸಿ ಸುತ್ತ ಇದ್ದಿಲು, ಉಪ್ಪು ತುಂಬಬೇಕು. ಮೇಲೆ ಒಂದು ಸಣ್ಣ ತೊಟ್ಟಿ ಕಟ್ಟಿ, ಬೇಸಿಗೆ ಮುಗಿಯುವವರೆಗೆ ಆಗಾಗ ಕೊಡ ನೀರು ಸುರಿಯಬೇಕು. ಮೀಟರ್ ಬೋರ್ಡಿನಿಂದ ಕಾರಿಗೆಂದೇ 4 ಚದರ ಮಿ.ಮೀ. ವೈರು, ಬೇರೆಯದೇ ಎಂಸಿಬಿ. ತಿಳಿದ ಎಲೆಕ್ಟ್ರಿಷಿಯನ್‌ಗೆ ಒಂದೆರಡು ದಿನದ ಕೆಲಸ. ವೋಲ್ಟೇಜಿನ ಮಾತೂ ಹಾಗೆಯೇ. ಕಾಲುವೆ ನೀರಿಲ್ಲದ ಕಡೆ ಚಳಿಗಾಲ ಕಳೆಯುತ್ತಿದ್ದಂತೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡತೊಡಗಿ ಲೈನು ಸೊರಗುತ್ತದೆ. ಅವು ನಿಂತ ಮೇಲೆ, ರಾತ್ರಿ ಊಟವಾದ ನಂತರ ಹಾಕಿ ಬೆಳಿಗ್ಗೆ ತೆಗೆದರೆ ಎಂಟು ಗಂಟೆಯಲ್ಲಿ ಇಪ್ಪತ್ತು ಯುನಿಟ್‌ಗೆ ಮೋಸವಿಲ್ಲ.

ಇಪ್ಪತ್ತು ಯುನಿಟ್ ಎಂದರೆ 130–140 ಕಿಲೋಮೀಟರ್. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ಮೂರೂ ಪಟ್ಟಣಗಳಿಂದ ಹಾಸನ ಸುಮಾರು 30ರಿಂದ 40 ಕಿಲೋಮೀಟರ್. ದಿನಾ ಕಚೇರಿಗೋ ಕಾಲೇಜಿಗೋ ಹೋಗಿ ಬರುವವರ ಓಡಾಟ 80 ದಾಟುವುದಿಲ್ಲ. ಸ್ವಂತ ಮನೆ, ಸ್ವಂತ ಮೀಟರು, ಗಾಡಿ ನಿಲ್ಲಿಸಲು ಅಂಗಳ, ಇವು ಮೂರೂ ಇರುವುದು ಬೆಂಗಳೂರಿನ ಮೂರನೇ ಮಹಡಿಯ ಬಾಡಿಗೆದಾರರಿಗಲ್ಲ, ಹೊಳೆನರಸೀಪುರದ ಮೇಷ್ಟ್ರಿಗೆ, ಅರಕಲಗೂಡಿನ ಶುಂಠಿ ವ್ಯಾಪಾರಿಗೆ. ಎಲೆಕ್ಟ್ರಿಕ್ ಕಾರು ನಗರದವರ ಗಾಡಿ ಎಂಬ ಮಾತನ್ನೂ ಹಾಗಾಗಿ ನಾನು ಒಪ್ಪಲಾರೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ 150 ಯುನಿಟ್ ಬೇಕು. ಮನೆಬಳಕೆ ಸೇರಿ 200 ದಾಟಿದರೆ ಗೃಹಜ್ಯೋತಿಯ ಉಚಿತ ವಿದ್ಯುತ್ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಯುನಿಟ್‌ಗೆ ಏಳು ರೂಪಾಯಿ ಹಿಡಿದರೂ ಕಾರಿನ ಪಾಲು ಸಾವಿರದ ಐವತ್ತು. ಅಷ್ಟೇ ದೂರಕ್ಕೆ ಪೆಟ್ರೋಲು ಆರು ಸಾವಿರ ಮೀರುತ್ತದೆ.

ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ರಾತ್ರಿ ಹತ್ತಕ್ಕೆ ಬಾಡಿಗೆ ಮುಗಿಸಿ ಬೆಳಗಿನ ಮೂರಕ್ಕೆ ಧರ್ಮಸ್ಥಳಕ್ಕೆ ಹೊರಡಬೇಕಾದ ಟ್ಯಾಕ್ಸಿಯವರಿಗೆ ಮನೆಯ ಪಾಯಿಂಟು ಸಾಲದು, ಅವರ ಹಿಂಜರಿಕೆಗೆ ನನ್ನಲ್ಲಿ ಉತ್ತರವಿಲ್ಲ. ಬಾಡಿಗೆ ಮನೆಯವರ ಕಷ್ಟವೂ ಬೇರೆ. ಹೊಳೆನರಸೀಪುರದಿಂದ ಕುಕ್ಕೆಗೆ ಹೋಗಿ ಬರಲು 280 ಕಿಲೋಮೀಟರಿನಷ್ಟು ಆಗುತ್ತದೆ, ಚಿಕ್ಕ ಬ್ಯಾಟರಿಯವರು ದಾರಿಯಲ್ಲಿ ಒಮ್ಮೆ ನಿಲ್ಲಲೇಬೇಕು. ಅದಕ್ಕೆ ಫಾಸ್ಟ್ ಚಾರ್ಜರ್ ಬೇಕು, ಬೇಕಾದ ಜಾಗದಲ್ಲಿ ಬೇಕು. ಹೆದ್ದಾರಿಯ ಹೋಟೆಲುಗಳಿಗೆ ಹಾಕುವವರು ಬಂದೇ ಬರುತ್ತಾರೆ. ವಿದ್ಯುತ್ ಕೊಡುವ ಸೆಸ್ಕ್‌ನವರೂ ಪಟ್ಟಣ ಪಂಚಾಯಿತಿಗಳೂ ನೋಡಬೇಕಾದ್ದು ಹೆದ್ದಾರಿ ಬಿಟ್ಟ ಜಾಗಗಳನ್ನು: ಅರಕಲಗೂಡಿನ ಬಸ್‌ಸ್ಟ್ಯಾಂಡ್, ಷಷ್ಠಿಯ ತೇರಿಗೆ ಜನ ನೆರೆಯುವ ರಾಮನಾಥಪುರ, ಗೊರೂರು, ಶ್ರವಣಬೆಳಗೊಳ. ಶ್ರವಣಬೆಳಗೊಳದಲ್ಲಂತೂ ಬೆಟ್ಟ ಹತ್ತಿ ದರ್ಶನ ಮಾಡಿ ಬರುವ ಒಂದೂವರೆ ಗಂಟೆ ಗಾಡಿ ಹೇಗೂ ನಿಂತಿರುತ್ತದೆ. ಶಿರಾಡಿಯ ದಾರಿಯಲ್ಲಿ ಮಾತ್ರ ಮೇಲಿನ ಸಕಲೇಶಪುರಕ್ಕಿಂತ ಕೆಳಗಿನ ಗುಂಡ್ಯದ ಕಡೆಗೆ ಹೆಚ್ಚು ಗಮನ ಕೊಡಲಿ. ಇಳಿಯುವವರಿಗೆ ಬೇಕಿಲ್ಲ, ಹತ್ತುವವರಿಗೆ ಬೇಕು.