ಕುದುರೆ ಹತ್ತಿದ ಅಪರಾಧ

ನಾವು ನಾಲ್ವರು ಗೆಳತಿಯರು ಕುದುರೆ ಹತ್ತಿದೆವು. ನಡೆದದ್ದು ಇಷ್ಟೇ. ಆದರೆ 2024ರ ದಸರೆ ರಜೆ ಮುಗಿಸಿ ಶಾಲೆಗೆ ಬಂದರೆ ಸ್ಟಾಫ್ ರೂಮಿನಲ್ಲಿ ಕಳವಿನ ಪಂಚನಾಮೆಯೇ ನಡೆಯಿತೆನ್ನಿ. "ಈ ವಯಸ್ಸಿನ್ಯಾಗ ಕುದುರಿ ಯಾಕ ಬೇಕಾಗಿತ್ರೀ ಬಾಯಾರ? ಧರ್ಮಸ್ಥಳಕ್ಕ ಹೋಗಿದ್ರ ಪುಣ್ಯಾನಾದ್ರೂ ಬರ್ತಿತ್ತು."

ಮಕ್ಕಳು ಹೊರಟುಹೋದ ಮನೆಯ ಹೆಂಗಸಿನ ಮುಂದೆ ನಮ್ಮವರು ಎರಡೇ ದಾರಿ ಇಟ್ಟಿದ್ದಾರೆ: ತೀರ್ಥಯಾತ್ರೆ, ಇಲ್ಲವೆ ಮಗಳ ಬಾಣಂತನ. ಎರಡೂ ಒಳ್ಳೆಯವೇ, ಎರಡನ್ನೂ ಮಾಡಿದ್ದೇನೆ. ಮೂರನೆಯದನ್ನು ಬಯಸಿದರೆ ಮಾತ್ರ ಎಲ್ಲರಿಗೂ ನಮ್ಮ ಮೊಣಕಾಲು ನೆನಪಾಗುತ್ತದೆ. ಇದೇ ಮೊಣಕಾಲು ಇಪ್ಪತ್ತೆಂಟು ವರ್ಷ ಶಾಲೆಯ ಮೆಟ್ಟಿಲು ಹತ್ತಿಳಿಯುವಾಗ ಅದರ ಕ್ಷೇಮವನ್ನು ಯಾರೂ ವಿಚಾರಿಸಲಿಲ್ಲ.

ಹೋದದ್ದು ಮಹಾರಾಷ್ಟ್ರದ ಮಾಥೇರಾನಿಗೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಪುಣೆ, ಅಲ್ಲಿಂದ ನೇರಳ್. 1907ರ ಪುಟ್ಟ ರೈಲು ಮಳೆಗಾಲದ ಬಿಡುವಿನಲ್ಲಿತ್ತು. ಟ್ಯಾಕ್ಸಿ ದಸ್ತೂರಿಯವರೆಗೆ ಮಾತ್ರ. ಅಲ್ಲಿಂದ ಮೇಲೆ ಪ್ರವಾಸಿಗರ ಕಾರಿಗೆ ಪ್ರವೇಶವಿಲ್ಲ. ನಡೆಯಬೇಕು, ಇಲ್ಲವೆ ಕುದುರೆ. ಈಗ ಬ್ಯಾಟರಿ ರಿಕ್ಷಾಗಳೂ ಬಂದಿವೆ. ಅವನ್ನು ನೋಡಿಯೂ ನೋಡದಂತೆ ಮುಂದೆ ಸಾಗಿದೆವು.

ಕುದುರೆಯ ಎಡಗಡೆಯಿಂದ ಹತ್ತಬೇಕು. ನಾನು ಒಂದು ಕಲ್ಲಿನ ಮೇಲೆ ನಿಂತು ಮೂರನೆಯ ಪ್ರಯತ್ನಕ್ಕೆ ಹತ್ತಿದೆ. ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಬಾಗಬೇಕೆಂದು ಕುದುರೆಯ ಹುಡುಗ ಹಿಂದಿಯಲ್ಲಿ ಹೇಳಿಕೊಟ್ಟ. ನನಗೂ ಒಬ್ಬ ಮೇಷ್ಟ್ರು ಸಿಕ್ಕ. ಹಗ್ಗ ಅವನ ಕೈಯಲ್ಲೇ ಇತ್ತು, ಓಡಿಸಿದೆನೆಂದು ಜಂಬ ಕೊಚ್ಚುವುದಿಲ್ಲ. ಆದರೂ ಎರಡೂ ಕಡೆ ಕಾಡು, ಕೆಳಗೆ ಕೆಂಪು ಕೆಸರು, ಜೀನಿನ ಕರಕರ ಸದ್ದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಒಂದು ತಾಸು ನನ್ನ ಹತ್ತಿರ ಸುಳಿಯಲಿಲ್ಲ. ಮರುದಿನ ತೊಡೆ ಹಿಡಿದುಕೊಂಡು ನಾಲ್ವರೂ ನರಳುತ್ತ ನಕ್ಕದ್ದು ಬೇರೆ.

ಆಕ್ಷೇಪಿಸಲೇಬೇಕೆಂದಿದ್ದರೆ ಒಂದು ಕಾರಣವಿತ್ತು. ನಮ್ಮ ಗಣಿತದ ಬಾಯಾರ ಪಾಲಿಗೆ ಬಂದ ಕುದುರೆಯ ಬೆನ್ನಿನಲ್ಲಿ ಜೀನು ತಿಕ್ಕಿದ ಗಾಯವಿತ್ತು. ಅವರು ಹತ್ತಲಿಲ್ಲ, ಬೇರೆ ಕುದುರೆ ತರಿಸಿದರು, ಇದಕ್ಕೂ ಆ ದಿನದ ಬಾಡಿಗೆ ಕೊಟ್ಟರು. ಮೂಕಪ್ರಾಣಿಯ ಪರವಾಗಿ ಸ್ಟಾಫ್ ರೂಮು ಒಂದು ಮಾತು ಕೇಳಿದ್ದರೆ ನಾನು ತಲೆ ತಗ್ಗಿಸಿ ಉತ್ತರಿಸುತ್ತಿದ್ದೆ. ಅವರು ಕೇಳಿದ್ದು, "ಸೀರಿ ಉಟ್ಟು ಹೆಂಗ ಕುಂತ್ರಿ?"

ಅದೇ ವಾರ ಕಿತ್ತೂರಿನ ವಿಜಯಕ್ಕೆ ಇನ್ನೂರು ವರ್ಷ. ಶಾಲೆಯಲ್ಲಿ ಭಾಷಣ ಸ್ಪರ್ಧೆ. ಹುಬ್ಬಳ್ಳಿಯ ಸರ್ಕಲ್ಲಿನಲ್ಲಿ ಕುದುರೆಯ ಮೇಲೆ ಕತ್ತಿ ಎತ್ತಿ ಕೂತ ಚನ್ನಮ್ಮನನ್ನು ದಾಟದೆ ನಮ್ಮ ಬಸ್ಸು ಮುಂದೆ ಹೋಗದು. ಆಕೆ ಹುಟ್ಟಿದ್ದು 1778ರಲ್ಲಿ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇವೆ, ಯುದ್ಧ 1824ರಲ್ಲಿ. ಕಳೆದು ನೋಡಿರಿ, ನಲವತ್ತಾರು. ಗಂಡ ಮಲ್ಲಸರ್ಜ ತೀರಿ ಎಂಟು ವರ್ಷವಾಗಿತ್ತು. ಕಂಚಿನ ಹೆಂಗಸು ಕುದುರೆ ಹತ್ತಿದರೆ ಮಾಲೆ, ಪಕ್ಕದ ಕುರ್ಚಿಯ ಹೆಂಗಸು ಹತ್ತಿದರೆ ಪಂಚನಾಮೆ! ಸ್ಪರ್ಧೆಯ ತೀರ್ಪುಗಾರಳಾಗಿ ನಾನು ಇದನ್ನೇ ಮೈಕಿನಲ್ಲಿ ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್ಮಾಸ್ತರು ಗಡಿಯಾರ ನೋಡಿಕೊಂಡರು.

ಮುಂದಿನ ಸಲಕ್ಕೆ ನಾವು ಆರು ಜನ. ಧರ್ಮಸ್ಥಳದ ಸಲಹೆ ಕೊಟ್ಟವರೂ ಮೊನ್ನೆ ಕಾರಿಡಾರಿನಲ್ಲಿ ಪಿಸುಗುಟ್ಟಿದರು: "ಚೂಡಿದಾರ ಹೊಲಿಸ್ಬೇಕೇನ್ರೀ?"