ಸದ್ದಿಲ್ಲದ ಗಾಯ



ಔರಾದ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬಹುಕಾಲದಿಂದ ರಕ್ತದೊತ್ತಡವಿದ್ದ ಹಿರಿಯರೊಬ್ಬರು ಬೆಳಗಿನ ಪೂಜೆ ಮುಗಿಸಿ ಏಳುವಾಗ ಕುಸಿಯುತ್ತಾರೆ. ಬಾಯಿ ವಾಲುತ್ತದೆ, ಕೈ ಮೇಲೇಳುವುದಿಲ್ಲ. ಬೀದರಿಗೆ ಕರೆತಂದು ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಮೆದುಳಿನೊಳಗೆ ರಕ್ತಸ್ರಾವವಾಗಿರುವುದು ತಿಳಿಯುತ್ತದೆ. ಕೆಲವು ದಿನಗಳ ತರುವಾಯ ಎಂ.ಆರ್.ಐ. ವರದಿ ಇನ್ನೊಂದು ಮಾತು ಹೇಳುತ್ತದೆ: ರಕ್ತಸ್ರಾವವಾದ ಜಾಗದಿಂದ ದೂರದಲ್ಲಿ, ರಕ್ತ ತಲುಪದೆ ಹಾನಿಗೊಂಡ ಸಣ್ಣ ಸಣ್ಣ ಚುಕ್ಕೆಗಳಿವೆ. ಮನೆಯವರಿಗೆ ದಿಗ್ಭ್ರಮೆ. ರಕ್ತನಾಳ ಒಡೆಯಿತೋ, ಕಟ್ಟಿಕೊಂಡಿತೋ?

ಎರಡೂ ನಿಜ. ಜನರು ಲಕ್ವಾ ಎಂದು ಕರೆಯುವ ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ನಾಳ ಮುಚ್ಚಿಕೊಂಡು ರಕ್ತ ನಿಲ್ಲುವುದು ಒಂದು, ನಾಳ ಒಡೆದು ರಕ್ತ ಹೊರಚೆಲ್ಲುವುದು ಇನ್ನೊಂದು. ಇವು ಒಂದಕ್ಕೊಂದು ವಿರುದ್ಧವೆಂದು ಕಂಡರೂ ಅನೇಕರಲ್ಲಿ ಇವುಗಳ ಬೇರು ಒಂದೇ. ವರ್ಷಗಟ್ಟಲೆ ಏರಿದ ರಕ್ತದೊತ್ತಡವು ಮೆದುಳಿನ ಆಳದ ಕೂದಲೆಳೆಯಂಥ ನಾಳಗಳ ಗೋಡೆಯನ್ನು ಕೆಡಿಸುತ್ತದೆ. ಕೆಟ್ಟ ನಾಳ ಒಂದೆಡೆ ಒಡೆಯಬಹುದು, ಮತ್ತೊಂದೆಡೆ ಮುಚ್ಚಿಕೊಳ್ಳಬಹುದು.

ಮೆದುಳಿನ ರಕ್ತಸ್ರಾವವಾದವರನ್ನು ಎಂ.ಆರ್.ಐ. ಮೂಲಕ ಪರೀಕ್ಷಿಸಿದಾಗ ಸುಮಾರು ಐವರಲ್ಲಿ ಒಬ್ಬರಿಗೆ, ಕೆಲವು ಅಧ್ಯಯನಗಳಲ್ಲಿ ಇನ್ನೂ ಹೆಚ್ಚು ಮಂದಿಗೆ, ಇಂಥ ಹೊಸ ಚುಕ್ಕೆಗಳು ಕಂಡಿವೆ. ಸಿ.ಟಿ.ಯಲ್ಲಿ ಇವು ಸಾಮಾನ್ಯವಾಗಿ ಕಾಣುವುದಿಲ್ಲ. ಬೇರೆ ಲಕ್ಷಣವನ್ನೂ ತೋರುವುದಿಲ್ಲವಾದ್ದರಿಂದ ವೈದ್ಯರು ಇವನ್ನು ಮೌನಗಾಯಗಳೆನ್ನುತ್ತಾರೆ. ಮೌನವೆಂದ ಮಾತ್ರಕ್ಕೆ ನಿರುಪದ್ರವಿಯಲ್ಲ. ಇವುಳ್ಳವರಲ್ಲಿ ಮುಂದೆ ಮತ್ತೆ ಪಾರ್ಶ್ವವಾಯು ಬರುವ ಸಂಭವ ಹೆಚ್ಚೆಂದು ಅಧ್ಯಯನಗಳು ಎಚ್ಚರಿಸಿವೆ.

ಇಲ್ಲಿ ಮನೆಯವರು ಮಾಡಬಹುದಾದ ತಪ್ಪುಗಳು ಮೂರು. ಮೊದಲನೆಯದು, ‘ಕಟ್ಟಿಕೊಂಡಿದೆಯಂತೆ’ ಎಂದು ಕೇಳಿ ತಾವೇ ರಕ್ತ ತೆಳುವಾಗಿಸುವ ಆಸ್ಪಿರಿನ್ ಮಾತ್ರೆ ಕೊಡುವುದು. ಒಡೆದ ನಾಳಕ್ಕೆ ಅದು ಅಪಾಯಕಾರಿಯಾಗಬಹುದು. ಹೃದಯರೋಗದಂಥ ಕಾರಣವಿದ್ದರೆ ಅದನ್ನು ಮರಳಿ ಆರಂಭಿಸುವ ಪ್ರಶ್ನೆ ಬರುತ್ತದೆ. ಆದರೆ ಯಾವಾಗ, ಯಾರಿಗೆ ಎಂಬುದನ್ನು ನರರೋಗ ತಜ್ಞರೇ ನಿರ್ಧರಿಸಬೇಕು. ಎರಡನೆಯದು, ಒತ್ತಡವನ್ನು ಬೇಗ ಇಳಿಸಬೇಕೆಂಬ ಆತುರದಿಂದ ಮನೆಯಲ್ಲಿ ಎರಡೆರಡು ಮಾತ್ರೆ ನುಂಗಿಸುವುದು. ಒತ್ತಡ ವಿಪರೀತವಾಗಿ ಕುಸಿದರೆ ಮೆದುಳಿಗೆ ರಕ್ತ ಸಾಲದಾಗುತ್ತದೆ. ಆಸ್ಪತ್ರೆಯಲ್ಲಿ ಇಳಿಸುವುದು ಬೇರೆಯ ಮಾತು. ಅಲ್ಲಿ ಗಳಿಗೆ ಗಳಿಗೆಗೂ ಅಳೆದು, ಮೇಲಿನ ಅಂಕಿ 140ರ ಸುಮಾರಿಗೆ ಬರುವಂತೆ ನೋಡಿಕೊಳ್ಳುತ್ತಾರೆ. ಭಾರತವೂ ಸೇರಿ ಹತ್ತು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒತ್ತಡ, ಸಕ್ಕರೆ, ಜ್ವರ ಇವೆಲ್ಲವನ್ನೂ ಒಟ್ಟಿಗೆ ಬೇಗನೆ ಹತೋಟಿಗೆ ತಂದ ರೋಗಿಗಳು ಹೆಚ್ಚು ಚೇತರಿಸಿಕೊಂಡರು.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ನಡೆದಾಡುವಂತಾದರೆಂದು ಮಾತ್ರೆ ನಿಲ್ಲಿಸಿಬಿಡುವುದು. ಒಡೆಯುವುದನ್ನೂ ಮುಚ್ಚಿಕೊಳ್ಳುವುದನ್ನೂ ಏಕಕಾಲಕ್ಕೆ ತಡೆಯುವ ಉಪಾಯವೆಂದರೆ ರಕ್ತದೊತ್ತಡದ ನಿತ್ಯ ಹತೋಟಿ. ಆದ್ದರಿಂದ ವೈದ್ಯರು ಬರೆದ ಮಾತ್ರೆಯನ್ನು ಲಿಂಗಪೂಜೆಯ ಹೊತ್ತಿನೊಂದಿಗೆ ಹೊಂದಿಸಿಕೊಳ್ಳಿರಿ. ಪೂಜೆ ತಪ್ಪಿಸದವರು ಮಾತ್ರೆಯನ್ನೂ ಮರೆಯಲಾರರು. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಮಿನೊಳಗಿರಲಿ. ಜೋಳದ ರೊಟ್ಟಿಯೊಡನೆ ಪಲ್ಲೆ ಹೆಚ್ಚಲಿ, ಉಪ್ಪಿನಕಾಯಿ ಹಪ್ಪಳ ಕಡಿಮೆಯಾಗಲಿ. ತಂಬಾಕು, ಗುಟಖಾ ಮನೆಯ ಹೊಸ್ತಿಲು ದಾಟದಿರಲಿ.

ಭಾಲ್ಕಿಯಿಂದಲೂ ಔರಾದದಿಂದಲೂ ಬೀದರಿಗೆ ಸುಮಾರು 40 ಕಿಲೋಮೀಟರು. ಹಳ್ಳಿಯಿಂದಾದರೆ ದಾರಿ ಇನ್ನೂ ದೂರ. ಮುಖ ವಾಲಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ನೆರೆಯವರ ಸಲಹೆಗೆ ಕಾಯದೆ 108ಕ್ಕೆ ಕರೆಮಾಡಿರಿ. ಬಾಯಿಗೆ ನೀರನ್ನೂ ಔಷಧವನ್ನೂ ಹಾಕದಿರಿ. ಲಕ್ಷಣ ಆರಂಭವಾದ ವೇಳೆಯನ್ನು ಬರೆದಿಟ್ಟುಕೊಳ್ಳಿರಿ. ಹಳೆಯ ಔಷಧ ಚೀಟಿ ಜೊತೆಗಿರಲಿ. ಒಡೆದದ್ದೋ ಕಟ್ಟಿಕೊಂಡದ್ದೋ ಎಂಬುದನ್ನು ಹೊರಗಿನ ಲಕ್ಷಣದಿಂದ ಯಾರೂ ಖಚಿತವಾಗಿ ಹೇಳಲಾರರು. ಸ್ಕ್ಯಾನ್ ಮಾತ್ರ ಹೇಳಬಲ್ಲದು.

ಕಾಯಕಕ್ಕೆ ಕಾಯವೇ ಆಧಾರ. ನೋವಿದ್ದಾಗ ಕಾಯವನ್ನು ನೋಡಿಕೊಳ್ಳುವವರು ಹಲವರು. ಗಾಯವು ಮೌನವಾಗಿದ್ದಾಗಲೂ ನೋಡಿಕೊಳ್ಳುವುದೇ ವಿವೇಕ. ಈ ತಿಂಗಳು ಮನೆಯ ಹಿರಿಯರೆಲ್ಲರ ರಕ್ತದೊತ್ತಡವನ್ನು ಒಮ್ಮೆ ಅಳೆಸಿರಿ.