ಬಾಯಿ ಮುಚ್ಚಿಸುವ ಅಡಾಪ್ಟರಿಗೆ ದುಡ್ಡು ಕೊಡಬೇಡಿ

ಕಳೆದ ಶ್ರಾವಣದಲ್ಲಿ ಡೊಂಬಿವಲಿಯ ನಮ್ಮ ಮನೆಯ ಕಪಾಟಿನಿಂದ ಒಂದು ಸಣ್ಣ ಡಬ್ಬಿ ಹೊರತೆಗೆದೆ. ಆಫೀಸಿನ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ 480 ಜಿಬಿಯ ಎಸ್‌ಎಸ್‌ಡಿ, ಅದಕ್ಕೆ ನಾನೂರು ರೂಪಾಯಿಯ ಯುಎಸ್‌ಬಿ ಅಡಾಪ್ಟರು. ಒಳಗೆ ನಮ್ಮ ಬಳಗದವರು ಹನ್ನೊಂದು ವರ್ಷ ನಡೆಸಿದ ತಾಳಮದ್ದಳೆಗಳ ಧ್ವನಿಮುದ್ರಣ. ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಫೋಲ್ಡರುಗಳು ಕಂಡವು, ಫೈಲುಗಳು ತೆರೆಯಲಿಲ್ಲ.

ಅವನ್ನೆಲ್ಲ ರೆಕಾರ್ಡ್ ಮಾಡಿದವರು ಕಲ್ಯಾಣದ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಮಾಮ ಎಂದೇ ಕರೆಯುವುದು. ಫೋನ್ ಮಾಡಿದೆ.

"ಎಲ್ಲ ಹೋಯ್ತಾ ಮಾರಾಯ?"

"ಎಲ್ಲ ಇಲ್ಲ ಮಾಮ. ಅರ್ಧ ಸಿಕ್ಕೀತು."

"ಆ ಅರ್ಧದಲ್ಲಿ ಯಾವುದುಂಟು?"

ನನ್ನಲ್ಲಿ ಉತ್ತರವಿರಲಿಲ್ಲ. ತಾಳಮದ್ದಳೆಯ ಅರ್ಥಗಾರಿಕೆ ಬರೆದಿಟ್ಟು ಓದುವುದಲ್ಲ. ಕರ್ಣ, ಕೃಷ್ಣ ಇಬ್ಬರೂ ಆ ರಾತ್ರಿ ಆ ವೇದಿಕೆಯಲ್ಲೇ ಮಾತು ಕಟ್ಟುತ್ತಾರೆ. ಮರುದಿನ ಅದೇ ಪ್ರಸಂಗ ಇಟ್ಟರೂ ಅದೇ ಮಾತು ಬರುವುದಿಲ್ಲ. ಧ್ವನಿಮುದ್ರಣ ಹೋದರೆ ಆ ರಾತ್ರಿಯೇ ಹೋದಂತೆ.

ಆಮೇಲೆ ಅಡಾಪ್ಟರು ಬಿಚ್ಚಿ, ಡಿಸ್ಕನ್ನು ಒಂದು ಡೆಸ್ಕ್‌ಟಾಪಿನ ಸಾಟಾ ಪೋರ್ಟಿಗೆ ನೇರವಾಗಿ ಜೋಡಿಸಿ ಅದರ ಆರೋಗ್ಯದ ದಾಖಲೆ ಓದಿದೆ. ಉಳಿದ ಆಯುಸ್ಸು ನೂರಕ್ಕೆ ನಾಲ್ಕು. ಕೆಟ್ಟ ಜಾಗ ಬಿಟ್ಟು ಬೇರೆಡೆ ಬರೆದ ಲೆಕ್ಕ ನೂರಾರು. ನಾವು ಅದರಲ್ಲಿ ಮೊದಲ ಫೈಲು ಹಾಕುವಾಗಲೇ ಅದು ಸವೆದು ಹೋದ ಡಿಸ್ಕಾಗಿತ್ತು. ಅದನ್ನು ಅದು ತನ್ನೊಳಗೆ ಬರೆದುಕೊಂಡೂ ಇತ್ತು. ಆದರೆ ಅಡಾಪ್ಟರಿನ ಮೂಲಕ ಕೇಳಿದಾಗಲೆಲ್ಲ ನಮಗೆ ಬಂದ ಉತ್ತರ ಒಂದೇ: ಮಾಹಿತಿ ಲಭ್ಯವಿಲ್ಲ.

ಒಂದೇ ಪ್ರತಿ ಇಟ್ಟುಕೊಂಡದ್ದು ನಮ್ಮ ತಪ್ಪು, ಒಪ್ಪಿದೆ. ಆದರೆ ಡಿಸ್ಕಿನ ಆರೋಗ್ಯ ಓದಲು ಬಿಡದ ಅಡಾಪ್ಟರು ಕೆಟ್ಟ ಮಾಲು. ಅಗ್ಗದ ಮಾಲು, ಸಾಧಾರಣ ಮಾಲು ಎಂದೆಲ್ಲ ಸಮಾಧಾನ ಮಾಡಿಕೊಳ್ಳದೆ ಅದನ್ನು ಕೆಟ್ಟ ಮಾಲೆಂದೇ ಕರೆಯಬೇಕು, ವಾಪಸು ಕೊಡಬೇಕು.

ಒಳಗೆ ನಡೆಯುವುದೇನು ಎಂಬುದನ್ನು ಮೊದಲು ನೋಡೋಣ. ಡಿಸ್ಕಿನೊಳಗಿನ ಈ ದಾಖಲೆಗೆ ಸ್ಮಾರ್ಟ್ ಎಂದು ಹೆಸರು. ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ, ಎಷ್ಟು ತಪ್ಪಾಗಿದೆ ಎಂಬುದನ್ನೆಲ್ಲ ಡಿಸ್ಕ್ ತಾನೇ ಎಣಿಸಿಡುತ್ತದೆ. ಹಳೆಯ ಬಗೆಯ ಎಸ್‌ಎಸ್‌ಡಿ ಎಟಿಎ ಎಂಬ ಭಾಷೆ ಆಡುತ್ತದೆ, ಈಚಿನದು ಎನ್‌ವಿಎಂಇ. ಯುಎಸ್‌ಬಿಯ ತುದಿಯಲ್ಲಿ ಕಂಪ್ಯೂಟರು ಆಡುವುದು ಸ್ಕಸಿ ಎಂಬ ಮೂರನೆಯ ಭಾಷೆ. ಅಡಾಪ್ಟರಿನೊಳಗಿನ ಬ್ರಿಡ್ಜ್ ಚಿಪ್ಪು ನಡುವಿನ ದುಭಾಷಿ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ತರಕಾರಿ ಮಾರ್ಕೆಟ್ಟಿನಲ್ಲಿ ಮರಾಠಿ ಆಡುವ ನಮಗೆ ದುಭಾಷಿಯ ಕೆಲಸ ಏನೆಂದು ಬಿಡಿಸಿ ಹೇಳಬೇಕಿಲ್ಲ. "ಓದು", "ಬರೆ" ಎಂದರೆ ಈ ದುಭಾಷಿ ಸರಿಯಾಗಿ ದಾಟಿಸುತ್ತಾನೆ. "ಹೇಗಿದ್ದೀಯ?" ಎಂದು ಕೇಳಿದರೆ ಮಾತ್ರ ಪ್ರಶ್ನೆಯನ್ನೇ ನುಂಗುತ್ತಾನೆ.

ದಾಟಿಸುವುದು ಕಷ್ಟವೆಂದಲ್ಲ. ಎಟಿಎ ಪ್ರಶ್ನೆಯನ್ನು ಸ್ಕಸಿಯ ಲಕೋಟೆಯಲ್ಲಿಟ್ಟು ಹಾಗೆಯೇ ಕಳಿಸುವ ವಿಧಾನ ಸ್ಯಾಟ್ ಎಂಬ ಹೆಸರಿನಲ್ಲಿ 2007ರಲ್ಲೇ ಪ್ರಮಾಣವಾಗಿದೆ. ಆದ್ದರಿಂದ ಸಾಟಾ ಅಡಾಪ್ಟರು ಮಾಡುವವರಿಗೆ ನೆಪವಿಲ್ಲ. ಎನ್‌ವಿಎಂಇ ಕತೆ ಇನ್ನೂ ಕೆಟ್ಟದ್ದು. ಅಲ್ಲಿ ಆರೋಗ್ಯದ ದಾಖಲೆಯೇ 512 ಬೈಟಿನ ಅಚ್ಚುಕಟ್ಟಾದ ಒಂದು ಪುಟ, ಎಲ್ಲ ಕಂಪನಿಗೂ ಒಂದೇ ನಮೂನೆ. ಆದರೆ ಯುಎಸ್‌ಬಿ ದಾಟಿ ಆ ಪುಟ ತಲುಪಲು ಜೆಮೈಕ್ರಾನ್, ಎಎಸ್‌ಮೀಡಿಯಾ, ರಿಯಲ್‌ಟೆಕ್ ಮೂವರೂ ತಮ್ಮ ತಮ್ಮದೇ ಬಾಗಿಲು ಇಟ್ಟಿದ್ದಾರೆ. 2002ರಲ್ಲಿ ಬ್ರೂಸ್ ಆಲೆನ್ ಎಂಬ ಭೌತವಿಜ್ಞಾನಿ ಶುರುಮಾಡಿದ ಉಚಿತ ತಂತ್ರಾಂಶ ಸ್ಮಾರ್ಟ್‌ಮಾನ್‌ಟೂಲ್ಸ್ ಒಂದೊಂದು ಬಾಗಿಲಿಗೂ ಬೇರೆ ಬೇರೆ ಕೀಲಿ ಮಾಡಿಟ್ಟುಕೊಳ್ಳಬೇಕಾಗಿದೆ. ಈ ಪ್ರಶ್ನೆ ಕೇಳಿದರೆ ತತ್ತರಿಸಿ ನಿಂತುಬಿಡುವ ಅಡಾಪ್ಟರುಗಳೂ ಇವೆ. ಅಂಥವಕ್ಕೆ ಪ್ರಶ್ನೆಯೇ ಹೋಗದಂತೆ ಲಿನಕ್ಸ್ ಕರ್ನಲ್ಲಿನಲ್ಲಿ ಒಂದು ಪಟ್ಟಿಯನ್ನೇ ಇಟ್ಟಿದ್ದಾರೆ.

ಥಾಣೆಯಿಂದ ವಾಶಿ ಕಡೆಯ ಲೋಕಲ್ ಹಿಡಿದರೆ ಐರೋಲಿ, ರಬಾಳೆ ಸ್ಟೇಷನ್ನುಗಳು ಸಿಗುತ್ತವೆ, ಅಲ್ಲಿಂದ ಸ್ವಲ್ಪ ಒಳಗೆ ಮಹಾಪೆ. ದೇಶದ ದೊಡ್ಡ ಡೇಟಾ ಸೆಂಟರ್ ನೆಲೆಗಳಲ್ಲಿ ಇದೊಂದು. ಡೇಟಾ ಸೆಂಟರ್ ನಡೆಸುವವರಿಗೆ ಡಿಸ್ಕಿನ ನಾಡಿ ನೋಡುವುದು ದಿನನಿತ್ಯದ ಕೆಲಸ. ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿಯಂತೂ ತನ್ನ ಡಿಸ್ಕುಗಳ 2013ರಿಂದೀಚಿನ ದಿನವಹಿ ಸ್ಮಾರ್ಟ್ ಅಂಕಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತಿದೆ. ದೊಡ್ಡವರ ದತ್ತಾಂಶಕ್ಕೆ ದಿನವೂ ವೈದ್ಯರು. ಗುಡ್ಡದ ಈಚೆ ಡೊಂಬಿವಲಿಯಲ್ಲಿ ನಮ್ಮ ಮದುವೆಯ ಫೋಟೋ, ಅಜ್ಜಿಯ ಧ್ವನಿ, ಸಂಘದ ಲೆಕ್ಕಪತ್ರಕ್ಕೆ ನಾನೂರು ರೂಪಾಯಿಯ ಮೌನ. ಈ ಭೇದವನ್ನು ನಾವು ಸಹಜವೆಂದು ಒಪ್ಪಿಕೊಂಡದ್ದೇಕೆ?

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು.

ಒಂದು: "ಈ ಅಂಕಿಗಳಿಂದ ಭವಿಷ್ಯ ತಿಳಿಯುವುದಿಲ್ಲ." ಇದರಲ್ಲಿ ಸತ್ಯವಿದೆ. 2007ರಲ್ಲಿ ಗೂಗಲ್‌ನ ಸಂಶೋಧಕರು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕುಗಳನ್ನು ಗಮನಿಸಿ ಬರೆದರು: ಕೆಟ್ಟವುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿದೆ. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ್ದಕ್ಕಿಂತ 39 ಪಟ್ಟು. ಎಲ್ಲ ಹೃದಯಾಘಾತವನ್ನೂ ಇಸಿಜಿ ಮುಂಚೆಯೇ ಹೇಳುವುದಿಲ್ಲ ಎಂದು ಆಸ್ಪತ್ರೆಯಿಂದ ಇಸಿಜಿ ಯಂತ್ರ ಹೊರಗೆಸೆಯುವವರು ಯಾರಾದರೂ ಇದ್ದಾರೆಯೇ?

ಅದಲ್ಲದೆ ಎಸ್‌ಎಸ್‌ಡಿಯ ಲೆಕ್ಕವೇ ಬೇರೆ. ಅದು ಬರೆದಷ್ಟೂ ಸವೆಯುತ್ತದೆ, ಸವೆದದ್ದನ್ನು ಎಣಿಸಬಹುದು. ಈ ಸವಕಳಿಗೂ ನಮ್ಮ ಕಪಾಟಿಗೂ ನೇರ ಸಂಬಂಧವಿದೆ. ಜೆಡೆಕ್ ಪ್ರಮಾಣದ ಪ್ರಕಾರ, ಬರೆಯುವ ಆಯುಸ್ಸು ಪೂರ್ತಿ ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶ ಹಿಡಿದಿಟ್ಟರೆ ಸಾಕು. ಬಿಸಿ ಹೆಚ್ಚಿದಷ್ಟೂ ಆ ಅವಧಿ ಇಳಿಯುತ್ತದೆ. ಮೇ ತಿಂಗಳಲ್ಲಿ ಡೊಂಬಿವಲಿಯ ಮೇಲಿನ ಮಹಡಿಯ ಕಪಾಟು 30 ಡಿಗ್ರಿಯಲ್ಲಿರುತ್ತದೆಯೇ? ಹೊಸ ಡಿಸ್ಕು ಇದಕ್ಕಿಂತ ಬಹಳ ಹೆಚ್ಚು ತಾಳುತ್ತದೆ, ಸವೆದದ್ದು ತಾಳದು. ನಮ್ಮದು ಎರಡು ಬೇಸಿಗೆ ಹಾಗೇ ಕಪಾಟಿನಲ್ಲಿತ್ತು. ಇಡಬಹುದೋ ಇಲ್ಲವೋ ಎಂದು ತಿಳಿಸಬೇಕಾಗಿದ್ದ ಒಂದೇ ಅಂಕಿಯನ್ನು ಅಡಾಪ್ಟರು ಮುಚ್ಚಿಟ್ಟಿತ್ತು.

ಎರಡು: "ಜನಸಾಮಾನ್ಯರಿಗೆ ಇದೆಲ್ಲ ಬೇಡ." ಹಾಗಾದರೆ ಯಾರಿಗೆ ಬೇಡ ಎಂದೂ ಹೇಳಿ. ಹಳೆಯ ಡಿಸ್ಕನ್ನು ಹೊಸ ಕವಚದಲ್ಲಿಟ್ಟು ಹೊಸತೆಂದು ಮಾರುವವನಿಗೆ ಖಂಡಿತ ಬೇಡ. ಸಾವಿರಾರು ಗಂಟೆ ಓಡಿದ ಲೆಕ್ಕ ಒಂದು ನಿಮಿಷದಲ್ಲಿ ಹೊರಬಿದ್ದರೆ ಅವನ ವ್ಯಾಪಾರ ಮುಗಿಯಿತು. ಮೌನದಿಂದ ಲಾಭ ಯಾರಿಗೆಂದು ನೋಡಿದರೆ ಅದು ಏಕೆ ಉಳಿದಿದೆ ಎಂಬುದೂ ತಿಳಿಯುತ್ತದೆ.

ಮೂರು: "ಎರಡು ಪ್ರತಿ ಇಡಿ, ಸಾಕು." ಇಡಲೇಬೇಕು. ಆದರೆ ಎರಡನೆಯ ಪ್ರತಿಯೂ ಇಂಥದೇ ಡಬ್ಬಿಯಲ್ಲಿದ್ದರೆ, ಯಾವುದು ಮೊದಲು ಸಾಯುತ್ತದೆಂದು ತಿಳಿಯದ ಇಬ್ಬರು ರೋಗಿಗಳು ನಮ್ಮ ಮನೆಯಲ್ಲಿದ್ದಂತೆ.

2005ರ ಜುಲೈ 26ನ್ನು ಈ ಭಾಗದವರು ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಇತ್ತ ಕಲ್ಯಾಣ್, ಬದ್ಲಾಪುರದ ತನಕ ಮನೆಯೊಳಗೆ ನೀರು. ಒದ್ದೆ ಆಲ್ಬಮ್ಮುಗಳನ್ನು ಹಗ್ಗಕ್ಕೆ ಒಣಹಾಕಿದ್ದು ಕಣ್ಣಿಗೆ ಕಟ್ಟಿದಂತಿದೆ. ಆ ನಷ್ಟ ಕಣ್ಣಿಗೆ ಕಂಡಿತ್ತು, ಉಳಿದದ್ದನ್ನು ಅಟ್ಟಕ್ಕೇರಿಸಲು ಕಲಿತೆವು. ಈಗಿನ ನಷ್ಟ ಸದ್ದಿಲ್ಲದೆ ಆಗುತ್ತದೆ. ಸದ್ದು ಮಾಡಬೇಕಾದದ್ದರ ಬಾಯಿಗೆ ಬಟ್ಟೆ ತುರುಕಿದ್ದಾರೆ.

ಕೇಳಬೇಕಾದದ್ದು ದೊಡ್ಡದೇನಲ್ಲ. ಪೊಟ್ಟಣದ ಮೇಲೆ ಬೆಲೆ, ತಯಾರಕರ ಹೆಸರು, ದೂರಿಗೆ ವಿಳಾಸ ಮುದ್ರಿಸಬೇಕೆಂದು 2011ರ ಪ್ಯಾಕೇಜ್ ಸರಕುಗಳ ನಿಯಮ ಹೇಳುತ್ತದೆ. ವಸ್ತುವಿನ ಗುಣಮಟ್ಟದ ಮಾಹಿತಿ ಪಡೆಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಕ್ಕು. ಆ ಪೊಟ್ಟಣದ ಮೇಲೆ ಇನ್ನೊಂದೇ ಸಾಲು ಸೇರಲಿ: ಒಳಗಿನ ಚಿಪ್ಪು ಯಾವುದು, ಅದು ಸ್ಮಾರ್ಟ್ ಮಾಹಿತಿ ದಾಟಿಸುತ್ತದೆಯೇ ಇಲ್ಲವೇ. ವೇಗವನ್ನು ದಪ್ಪಕ್ಷರದಲ್ಲಿ ಮುದ್ರಿಸುವವರಿಗೆ ಇದಕ್ಕೆ ಜಾಗ ಇಲ್ಲವೆಂದರೆ ನಂಬಬೇಡಿ.

ಆ ಸಾಲು ಬರುವ ತನಕ ಪರೀಕ್ಷೆ ನಾವೇ ಮಾಡೋಣ. ಲ್ಯಾಮಿಂಗ್ಟನ್ ರೋಡಿನಲ್ಲೇ ಕೊಳ್ಳಿ, ಕಲ್ಯಾಣ್ ಸ್ಟೇಷನ್ನಿನ ಹೊರಗೇ ಕೊಳ್ಳಿ, ಲ್ಯಾಪ್‌ಟಾಪ್ ಜೊತೆಗೊಯ್ಯಿರಿ. ವಿಂಡೋಸ್ ಇದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್ ಇದ್ದರೆ ಸ್ಮಾರ್ಟ್‌ಮಾನ್‌ಟೂಲ್ಸ್, ಎರಡಕ್ಕೂ ದುಡ್ಡಿಲ್ಲ. "ಗೊತ್ತಿಲ್ಲದ ಬ್ರಿಡ್ಜ್" ಎಂದು ಬಂದರೆ ತಕ್ಷಣ ಕೈಚೆಲ್ಲಬೇಡಿ. ಸಾಟಾ ಡಿಸ್ಕಾದರೆ ಸ್ಯಾಟ್ ಬಗೆಯೆಂದು, ಎನ್‌ವಿಎಂಇ ಆದರೆ ಚಿಪ್ಪಿನ ಕಂಪನಿ ಯಾವುದೆಂದು ನಾವೇ ಸೂಚಿಸಿ ಮತ್ತೊಮ್ಮೆ ಕೇಳಬಹುದು. ಆಗಲೂ ಉತ್ತರವಿಲ್ಲದಿದ್ದರೆ ಅಡಾಪ್ಟರನ್ನು ಅಂಗಡಿಯವನ ಮೇಜಿನ ಮೇಲೆ ಇಟ್ಟು ಬನ್ನಿ.

ಉತ್ತರ ಬಂದರೆ ನಾಲ್ಕು ಅಂಕಿ ಬರೆದುಕೊಳ್ಳಿ: ಓಡಿದ ಗಂಟೆ, ಸವೆದ ಶೇಕಡಾ, ಉಳಿದ ಬದಲಿ ಜಾಗ, ಸರಿಪಡಿಸಲಾಗದ ತಪ್ಪುಗಳು. ಹಸಿರು ಗುರುತು, "ಗುಡ್" ಎಂಬ ಪದ ನೋಡಿ ನಿಲ್ಲಬೇಡಿ. ತಪ್ಪುಗಳ ಲೆಕ್ಕ ಸೊನ್ನೆಯಿಂದ ಮೇಲೆದ್ದ ದಿನವೇ ಪ್ರತಿ ತೆಗೆಯುವ ದಿನ. ಸಾಟಾ ಡಿಸ್ಕಿನಲ್ಲಿ 199ನೆಯ ಅಂಕಿ ಮಾತ್ರ ಏರುತ್ತಿದ್ದರೆ ಸಂಶಯ ಡಿಸ್ಕಿನ ಮೇಲಲ್ಲ, ಜೋಡಣೆಯ ಮೇಲೆ, ಎಂದರೆ ಅದೇ ಅಡಾಪ್ಟರಿನ ಮೇಲೆ. ಮೂರು ತಿಂಗಳಿಗೊಮ್ಮೆ, ಸೊಸೈಟಿಯ ಮೇಂಟೆನೆನ್ಸ್ ಕಟ್ಟುವ ದಿನ, ಇದನ್ನೂ ಮುಗಿಸಿ. ಹತ್ತು ನಿಮಿಷದ ಕೆಲಸ.

ಮಾಮನ ಪ್ರಶ್ನೆಗೆ ಈಗ ನನ್ನಲ್ಲಿ ಅರ್ಧ ಉತ್ತರವಿದೆ. ಸಿಕ್ಕ ಫೈಲುಗಳ ಪಟ್ಟಿಯನ್ನು ಕಾಗದದಲ್ಲಿ ಬರೆದು ಕಲ್ಯಾಣಕ್ಕೆ ಒಯ್ದುಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸಿಗದವು ಯಾವುವು ಎಂದು ನಾನು ಹೇಳಬೇಕಾಗಲಿಲ್ಲ; ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಒಂದೊಂದಾಗಿ ಅವರೇ ಬರೆಯತೊಡಗಿದರು.